ಆಟಿಯ ಮರುದಿನ ಕಂಡ ಕೆಂಪು

‘ನನಗೆ ಗೊತ್ತಿಲ್ಲ’ ಎಂದು ಬಾಯಿಬಿಟ್ಟು ಹೇಳಿದ ನೆನಪು ನನಗೆ ಹೆಚ್ಚಿಲ್ಲ. ಜಂಬ ಅಂದರೆ ಅನ್ನಿ, ನನಗೇನೂ ಬೇಜಾರಿಲ್ಲ. ಸೋಮವಾರಪೇಟೆ ಕಡೆಯ ಒಂದು ಸಣ್ಣ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಊರವರ ರಕ್ತ, ಮೂತ್ರ, ಕಫ ನೋಡುತ್ತ ಕೂತವಳು ನಾನು. ಯಾರಿಗೆ ಸಕ್ಕರೆ ಏರಿದೆ, ಯಾರು ಕುಡಿಯುವುದು ಬಿಟ್ಟೆ ಅಂತ ರೈಲು ಬಿಡುತ್ತಿದ್ದಾರೆ, ಎಲ್ಲ ಅವರ ಹೆಂಡತಿಯರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಮದುವೆ ಆಗಲಿಲ್ಲ ಎಂದು ಜನ ಮರುಗುತ್ತಾರೆ. ಆಗಲಿಲ್ಲ ಅಲ್ಲ, ಮಾಡಿಕೊಳ್ಳಲಿಲ್ಲ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾನು, ನನ್ನ ತಮ್ಮ, ಅವನ ಹೆಂಡತಿ, ಮೂವರೇ. ತಮ್ಮ ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು ಅವರನ್ನು ಕೆಲಸಕ್ಕೆ ಹಚ್ಚುವವನು. ತೋಟದಲ್ಲಿ ಹುಲಿ, ಮನೆಗೆ ಬಂದು ನನ್ನ ಮುಂದೆ ನಿಂತರೆ ಇಲಿ.

ಅವನ ಹೆಂಡತಿ ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಯವಳು. ಮಾತು ಕಡಿಮೆ. ನಾನು ಹತ್ತು ಮಾತಾಡಿದರೆ ಅವಳದು ಒಂದು ‘ಹೂಂ ಅಕ್ಕ’. ಒಳ್ಳೆಯದೇ ಆಯಿತು, ಒಂದು ಮನೆಗೆ ಒಬ್ಬಳು ಬಾಯಿಬಡುಕಿ ಸಾಕು ಎಂದು ನಾನೇ ನಗಾಡುತ್ತಿದ್ದೆ.

ಮದುವೆಯಾದ ವರ್ಷದೊಳಗೆ ಅವಳು ಬಸುರಿಯಾದಳು. ಏಳನೇ ತಿಂಗಳ ಕೊನೆಯಲ್ಲಿ ಬಿಪಿ ಏರಿತು. ಹೇಗೆ ಏರಿತು, ಯಾವಾಗ ಏರಿತು ಎಂದು ತಿಳಿಯುವಷ್ಟರಲ್ಲಿ ಹೊಟ್ಟೆಯೊಳಗೆ ಮಗುವಿನ ಎದೆಬಡಿತ ನಿಂತಿತ್ತು. ನೋವು ಬರಿಸುವ ಔಷಧಿ ಇಟ್ಟು ಹೆರಿಗೆ ಮಾಡಿಸಿದರು. ತಮ್ಮ ಆಸ್ಪತ್ರೆಯ ಗೋಡೆಗೆ ಒರಗಿ ಕೂತವನು ಏಳಲೇ ಇಲ್ಲ. ಡಾಕ್ಟರ ಹತ್ತಿರ ಮಾತು, ಸಹಿ, ಮುಂದಿನ ಕೆಲಸ ಎಲ್ಲವನ್ನೂ ನಾನೇ ನಿಂತು ಮುಗಿಸಿದೆ. ಅವಳು ಬಾಣಂತನಕ್ಕೆ ಅಂತ ತವರಿಗೆ ಹೋದಳು. ಮಗುವಿಲ್ಲದ ಬಾಣಂತನ ಯಾವ ಶತ್ರುವಿಗೂ ಬೇಡ.

ಹೋದ ವರ್ಷ ಮತ್ತೆ ಮುಟ್ಟು ನಿಂತಾಗ ಮೂವರಿಗೂ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಮೊದಲ ಸಲ ಹಾಗಾದವರಿಗೆ ಎರಡನೇ ಸಲವೂ ಆಗಬಹುದು. ಮಡಿಕೇರಿಯ ಡಾಕ್ಟರಮ್ಮ ಮೂರು ತಿಂಗಳು ತುಂಬುತ್ತಲೇ ಒಂದು ಮಾತ್ರೆ ಬರೆದರು: ಆಸ್ಪಿರಿನ್, ಸಣ್ಣ ಪ್ರಮಾಣದ್ದು, ದಿನಾ ರಾತ್ರಿ ಊಟವಾದ ಮೇಲೆ.

ತಮ್ಮ ಮಾತ್ರೆಯ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಅಕ್ಕ, ಇದು ನಮ್ಮ ಸಾಹುಕಾರರು ಹಾರ್ಟಿಗೆ ನುಂಗೋ ಮಾತ್ರೆ ಕಣೇ. ಬಸುರಿಗೆ ಯಾಕೆ?”

ಸರಿ, ನನಗೆ ಬೇಕಾದದ್ದೂ ಅದೇ. ಇಬ್ಬರನ್ನೂ ಊಟದ ಮೇಜಿನ ಮುಂದೆ ಕೂರಿಸಿಕೊಂಡು, ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು ಪಾಠ ಶುರುಮಾಡಿದೆ. ಕೊಬ್ಬು ಅಂದರೆ ಹೊಟ್ಟೆಯ ಮೇಲೆ ಜೋತುಬೀಳುವುದು ಅಂತ ತಿಳಿದಿದ್ದೀರಿ, ಹಾಗಲ್ಲ. ಮೈಯ ಒಂದೊಂದು ಜೀವಕೋಶಕ್ಕೂ ಹೊರಗೋಡೆ ಕೊಬ್ಬಿನದು. ಅಕ್ಕಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸಬೇಕಾದಾಗ ದೇಹ ಆ ಗೋಡೆಯಿಂದಲೇ ಒಂದು ಚೂರು ಕಿತ್ತು, ಅದನ್ನು ತಿದ್ದಿ, ಸುದ್ದಿಗಾರನನ್ನಾಗಿ ಕಳಿಸುತ್ತದೆ. ಆ ಸುದ್ದಿಗಾರರಲ್ಲಿ ಇಬ್ಬರು ನಮಗೆ ಮುಖ್ಯ. ಒಬ್ಬ ಥ್ರಾಂಬಾಕ್ಸೇನ್. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ಕಣಗಳಲ್ಲಿ ಹುಟ್ಟುತ್ತಾನೆ. ರಕ್ತನಾಳವನ್ನು ಬಿಗಿ ಮಾಡು, ಕಣಗಳೆಲ್ಲ ಗುಂಪುಗೂಡಿ ಅನ್ನುತ್ತಾನೆ. ಇನ್ನೊಬ್ಬ ಪ್ರೊಸ್ಟಾಸೈಕ್ಲಿನ್. ರಕ್ತನಾಳದ ಒಳಗೋಡೆಯಲ್ಲಿ ಹುಟ್ಟುತ್ತಾನೆ; ಸಡಿಲ ಬಿಡು, ಹರಿಯಲಿ ಅನ್ನುತ್ತಾನೆ. ಬಸುರಿಯಲ್ಲಿ ಈ ಎರಡನೆಯವನ ಮಾತು ನಡೆಯಬೇಕು. ಯಾಕೆಂದರೆ ಹೊಕ್ಕುಳಬಳ್ಳಿಯ ಬುಡದ ಮಾಸಿಗೆ ರಕ್ತ ಧಾರಾಳವಾಗಿ ಹರಿದರೇನೇ ಮಗುವಿಗೆ ಊಟ. ಬಸುರಿಯಲ್ಲಿ ಬಿಪಿ ಏರುವ ಈ ಕಾಯಿಲೆಯಲ್ಲಿ ಮೊದಲನೆಯವನ ಕೈ ಮೇಲಾಗುತ್ತದೆ. ಕಾಫಿಗೆ ನೀರು ಹೊಡೆಯುವಾಗ ಸ್ಪ್ರಿಂಕ್ಲರ್ ಪೈಪನ್ನು ಯಾರೋ ಮೆಟ್ಟಿ ನಿಂತ ಹಾಗೆ. ಆಚೆ ತುದಿಯ ಗಿಡಕ್ಕೆ ನೀರಿಲ್ಲ, ಈಚೆ ಪೈಪಿನಲ್ಲಿ ಒತ್ತಡ.

“ಈ ಮಾತ್ರೆ?” ಎಂದ ತಮ್ಮ.

“ಮೊದಲನೆಯವನ ಬಾಯಿಗೆ ಬಟ್ಟೆ ತುರುಕುತ್ತೆ. ಪ್ಲೇಟ್‌ಲೆಟ್‌ಗೆ ಒಂದ್ಸಲ ಬಾಯಿ ಕಟ್ಟಿದ್ರೆ ಅದು ಸಾಯೋ ತನಕ ಕಟ್ಟಿದ್ದೇ. ರಕ್ತನಾಳದ ಗೋಡೆ ಹಂಗಲ್ಲ, ಬೇಕಾದ್ದನ್ನ ಮತ್ತೆ ಮಾಡ್ಕೊಳುತ್ತೆ. ಅದಕ್ಕೇ ಸಣ್ಣ ಡೋಸು. ಪ್ಲೇಟ್‌ಲೆಟ್ ದಿನಾ ಹೊಸದು ಹುಟ್ತಾ ಇರುತ್ತೆ, ಅದಕ್ಕೇ ದಿನಾ ಮಾತ್ರೆ. ತಿಳೀತಾ?”

“ಹೂಂ ಅಕ್ಕ,” ಎಂದಳು ಅವಳು. ತಮ್ಮ ಕೋಲೆಬಸವನ ಹಾಗೆ ತಲೆಯಾಡಿಸಿದ. ಪಾಠದ ಕೊನೆಗೆ ನಾನು ಅವಳಿಗೆ ಬೆರಳು ತೋರಿಸಿ ಇನ್ನೊಂದು ಮಾತು ಸೇರಿಸಿದೆ: “ರಕ್ತ ಸ್ವಲ್ಪ ತೆಳ್ಳಗಾಗುತ್ತೆ. ಎಲ್ಲಾದ್ರೂ ರಕ್ತ ಕಂಡ್ರೆ ಮಾತ್ರೆ ನಿಲ್ಲಿಸಿ ನಂಗೆ ಹೇಳು.” ತಪ್ಪು ಮಾತೇನಲ್ಲ. ಇವತ್ತೂ ಯಾರಿಗಾದರೂ ಅದನ್ನೇ ಹೇಳುತ್ತೇನೆ.

ಆರನೇ ತಿಂಗಳಿಗೆ ಆಟಿ, ಅಂದರೆ ನಮ್ಮ ಕಡೆಯ ಆಷಾಢದ ಮಳೆ ತಿಂಗಳು, ಬಂತು. ಕೊಡಗಿನಲ್ಲಿ ಆಟಿ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂದು ನಂಬಿಕೆ. ಸೊಪ್ಪು ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ, ಮೇಲೆ ತುಪ್ಪ ಬಿಟ್ಟು ತಿಂದರೆ ಆಹಾ! ಮಾರನೇ ದಿನ ತಿಂದವರಿಗೆಲ್ಲ ಮೂತ್ರ ಕೆಂಪಗೆ ಹೋಗುತ್ತದೆ. ಹೋದರೇನೇ ಮದ್ದು ಮೈಗೆ ಹತ್ತಿತು ಅಂತ ಲೆಕ್ಕ. ನಮ್ಮಲ್ಲಿ ಎಳೆ ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಆವತ್ತು ಲ್ಯಾಬಿಗೆ ಬರುವ ಬಾಟಲಿಗಳೆಲ್ಲ ಬೀಟ್‌ರೂಟ್ ರಸದಂತಿರುತ್ತವೆ. ಬಯಲುಸೀಮೆಯಿಂದ ಹೊಸದಾಗಿ ಬಂದ ಡಾಕ್ಟರುಗಳು ಹೌಹಾರಿ ಫೋನ್ ಮಾಡುತ್ತಾರೆ. “ಸಾರ್, ನೀವಿನ್ನೂ ಪಾಯಸ ತಿಂದಿಲ್ವಾ?” ಎಂದು ನಾನು ಕಾಲೆಳೆಯುತ್ತೇನೆ.

ಬಸುರಿಗೆ ಆ ಸೊಪ್ಪು ಒಳ್ಳೆಯದೋ ಕೆಟ್ಟದ್ದೋ ಯಾರೂ ಸರಿಯಾಗಿ ಹೇಳಿದವರಿಲ್ಲ. ಅದಕ್ಕೇ ನಾನು ಬೇಡವೆಂದೆ. “ಈ ವರ್ಷ ಮನೇಲಿ ಪಾಯಸ ಇಲ್ಲ. ನೀನಂತೂ ಮುಟ್ಟೂಬೇಡ.” ಅವಳು “ಹೂಂ ಅಕ್ಕ” ಎಂದಳು. ನಾನು ಲ್ಯಾಬಿಗೆ ಹೋದೆ.

ಏಳನೇ ತಿಂಗಳ ತಪಾಸಣೆಗೆ ನಾನೇ ರಜೆ ಹಾಕಿ ಮಡಿಕೇರಿಗೆ ಕರೆದುಕೊಂಡು ಹೋದೆ. ಪ್ರತಿಸಲ ನೂರಹತ್ತರ ಹತ್ತಿರ ಇರುತ್ತಿದ್ದ ಬಿಪಿ ಅವತ್ತು ನೂರಮೂವತ್ತು. ಡಾಕ್ಟರಮ್ಮ ಹುಬ್ಬು ಗಂಟುಹಾಕಿ, “ಮಾತ್ರೆ ದಿನಾ ತಗೋತಿದ್ದೀರಾ ಅಮ್ಮಾ?” ಎಂದು ಅವಳನ್ನು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ನಾನು, “ಒಂದು ದಿನಾನೂ ತಪ್ಪಿಸಿಲ್ಲ ಮೇಡಂ. ಬಸ್ಸಲ್ಲಿ ಕುಲುಕಿ ಬಂದಿದ್ದಾಳೆ, ಅದಕ್ಕೇ ಸ್ವಲ್ಪ ಜಾಸ್ತಿ,” ಎಂದೆ. ಅವರು ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು, ಎರಡು ವಾರ ಬಿಟ್ಟು ಬನ್ನಿ ಎಂದರು. ಎರಡು ವಾರದ ಮೇಲೆ ತೋಟದಲ್ಲಿ ಕೆಲಸ ಜೋರು, ತಮ್ಮನಿಗೆ ಬಿಡುವಿಲ್ಲ, ನನಗೂ ಲ್ಯಾಬಿನಲ್ಲಿ ಜನ. ಇನ್ನೊಂದು ವಾರ ಕಳೆಯಲಿ, ಏನೂ ಆಗಲ್ಲ ಎಂದವಳೂ ನಾನೇ.

ಆ ವಾರ ಕಳೆಯುವ ಮೊದಲೇ ಒಂದು ಬೆಳಿಗ್ಗೆ ಅವಳು ತಲೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತಿದ್ದಳು. ಕಾಲು ಊದಿ ಚಪ್ಪಲಿಗೆ ಹೋಗುತ್ತಿಲ್ಲ, ಬೆರಳಿನ ಉಂಗುರ ಬಿಗಿದು ಕೂತಿದೆ. ತಮ್ಮನಿಗೆ ಫೋನ್ ಮಾಡಿ, ಅವಳನ್ನು ಆಟೋದಲ್ಲಿ ಲ್ಯಾಬಿಗೆ ಕರೆದೊಯ್ದೆ. ಮೂತ್ರ ಪರೀಕ್ಷೆಗೆ ಈಗ ಬಣ್ಣದ ಪಟ್ಟಿಗಳಿವೆ, ಆದರೂ ನನಗೆ ಬೆಂಕಿಯ ಮೇಲೇ ನಂಬಿಕೆ. ಗಾಜಿನ ನಳಿಕೆಯಲ್ಲಿ ಹಾಕಿ ಸ್ಪಿರಿಟ್ ದೀಪಕ್ಕೆ ಹಿಡಿದೆ. ಕಾಯಿಸಿದ ಮೇಲ್ಭಾಗ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆ ಎಂದರ್ಥ. ಪಕ್ಕದ ಕ್ಲಿನಿಕ್ಕಿನಲ್ಲಿ ಬಿಪಿ ನೋಡಿದರೆ ನೂರ ಅರವತ್ತು.

ತಮ್ಮ ಎಸ್ಟೇಟಿನ ಜೀಪು ತಂದ. ಅವನು ಓಡಿಸುತ್ತಿದ್ದ, ನಾನು ಹಿಂದೆ ಅವಳನ್ನು ಒರಗಿಸಿಕೊಂಡು ಕೂತಿದ್ದೆ. ಹೆದರಿದರೆ ಕೆಲವರು ದೇವರ ನಾಮ ಹೇಳುತ್ತಾರೆ, ನಾನು ಬೈಯುತ್ತೇನೆ. ಔಷಧಿ ಕಂಪನಿಯನ್ನು ಬೈದೆ, ಡಾಕ್ಟರನ್ನು ಬೈದೆ. “ದಿನಾ ಮಾತ್ರೆ ನುಂಗಿದ್ಮೇಲೂ ಹಿಂಗಾಗುತ್ತೆ ಅಂದ್ರೆ ಏನರ್ಥ? ನಾನು ಕೇಳ್ತೀನಿ ಆ ಡಾಕ್ಟ್ರನ್ನ, ಮುಖಕ್ಕೆ ಹೊಡೆದಂಗೆ ಕೇಳ್ತೀನಿ.”

ಮಾದಾಪುರ ದಾಟಿದ ಮೇಲೆ ಅವಳು ಕಣ್ಣು ಮುಚ್ಚಿಕೊಂಡೇ, “ಕೇಳಬ್ಯಾಡಿ ಅಕ್ಕ. ನಾನು ಮಾತ್ರೆ ತಗೊತಿಲ್ಲ ಕಣಕ್ಕ,” ಎಂದಳು.

ತಮ್ಮ ಜೀಪನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿಯೇಬಿಟ್ಟ. “ಏನಂದೆ?”

“ನಿಲ್ಲಿಸ್ಬೇಡ, ನಡಿಯೋ!” ಎಂದು ನಾನು ಗದರಿದೆ. ಜೀಪು ಮತ್ತೆ ಹೊರಟಿತು. ಅವಳನ್ನು ಕೇಳಿದೆ, “ಯಾವತ್ತಿಂದ?”

“ಒಂದಿನ ರಕ್ತ ಕಾಣ್ತು, ಅವತ್ತಿಂದ. ಬೆಳಿಗ್ಗೆ ಬಚ್ಚಲಿಗೆ ಹೋದ್ರೆ ಕೆಂಪಗೆ ಹೋಯ್ತು. ನೀವೇ ಹೇಳಿದ್ರಲ್ಲ, ರಕ್ತ ಕಂಡ್ರೆ ನಿಲ್ಸು ಅಂತ. ನಿಲ್ಲಿಸ್ದೆ. ಮಾರನೇ ದಿನಕ್ಕೆ ಸರಿಹೋಯ್ತು. ಮಾತ್ರೆದೇ ಅಂತ ನಂಗೆ ಖಾತ್ರಿ ಆಯ್ತು. ಇನ್ನೊಂದು ತಗೊಂಡ್ರೆ ಮಗೂನೇ ಹೋಗ್ಬುಡುತ್ತೆ ಅಂತ ಹೆದ್ರಿಕೆ ಆಯ್ತು.”

“ನಂಗ್ಯಾಕೆ ಹೇಳ್ಲಿಲ್ಲ?”

ಉತ್ತರಕ್ಕೂ ನಾನು ಕಾಯಲಿಲ್ಲ. ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಬೇರೊಂದು ಲೆಕ್ಕ ಶುರುವಾಗಿತ್ತು. “ಅದು ಯಾವ ದಿನ?” ಎಂದು ಕೇಳಿದೆ.

“ಪಕ್ಕದ ಮನೆ ಅಜ್ಜಿ ಕರೆದು ಪಾಯಸ ಕೊಟ್ಟಿದ್ರು, ಅದರ ಮಾರನೇ ದಿನ. ನೀವು ಬ್ಯಾಡ ಅಂದಿದ್ರಿ. ಅಜ್ಜಿ ಬಲವಂತ ಮಾಡಿದ್ರು, ವಸಿ ತಿಂದೆ. ತಪ್ಪಾಯ್ತು ಅಕ್ಕ.”

ಅಯ್ಯೋ ದೇವರೇ! ಪಾಯಸ ಬೇಡ ಎಂದವಳು ನಾನು, ಪಾಯಸ ತಿಂದರೆ ಕೆಂಪಗೆ ಹೋಗುತ್ತದೆ ಎಂದು ಹೇಳಲಿಲ್ಲ. ಹೇಳುವುದೇನು, ಎಲ್ಲರಿಗೂ ಗೊತ್ತಲ್ಲ! ಆದರೆ ಅವಳಿಗೆ ಗೊತ್ತಾಗುವುದು ಎಲ್ಲಿಂದ? ಮದುವೆಯಾದ ವರ್ಷ ಹೊಸ ಮದುಮಗಳೆಂದು ಆಷಾಢಕ್ಕೆ ತವರಿಗೆ ಹೋಗಿದ್ದಳು. ಎರಡನೇ ವರ್ಷ ಬಾಣಂತನ. ನಮ್ಮ ಮನೆಯಲ್ಲಿ ಅವಳು ಕಂಡ ಮೊದಲ ಆಟಿ ಅದು. ಊರಿನ ಡಾಕ್ಟರುಗಳಿಗೆಲ್ಲ ಫೋನಿನಲ್ಲಿ ನಗುನಗುತ್ತ ತಿಳಿಸಿ ಹೇಳಿದವಳು ಮನೆಯ ಹುಡುಗಿಗೆ ಹೇಳಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಪಾಯಸದ ಕೆಂಪು ಒಂದೇ ದಿನದಲ್ಲಿ ಹೋಗುತ್ತದೆ. ಮಾತ್ರೆ ನಿಲ್ಲಿಸಿದ್ದೂ ಅದೇ ದಿನ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಲೆಕ್ಕ ಹಾಕುತ್ತಿದ್ದೆ. ಹತ್ತು ದಿನ ಮಾತ್ರೆ ಬಿಟ್ಟರೆ ಸಾಕು, ಹಳೆಯ ಪ್ಲೇಟ್‌ಲೆಟ್‌ಗಳೆಲ್ಲ ಹೋಗಿ, ಬಾಯಿ ಕಟ್ಟದ ಹೊಸವು ಬಂದು ಕೂರುತ್ತವೆ. ಇವಳು ಬಿಟ್ಟು ಏಳು ವಾರ ಕಳೆದಿತ್ತು.

“ಅದು ಸೊಪ್ಪಿನ ಬಣ್ಣ ಕಣಮ್ಮ,” ಎಂದೆ. “ತಿಂದೋರಿಗೆಲ್ಲ ಹಂಗೇ ಹೋಗುತ್ತೆ. ರಕ್ತ ಅಲ್ಲ.”

ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

ಡಾಕ್ಟರಮ್ಮ ತಡಮಾಡಲಿಲ್ಲ. ಬಿಪಿ ಇಳಿಸುವ ಔಷಧಿ, ಫಿಟ್ಸ್ ಬಾರದಂತೆ ಒಂದು ಔಷಧಿ, ಮಗುವಿನ ಶ್ವಾಸಕೋಶ ಬಲಿಯಲೆಂದು ಇಂಜೆಕ್ಷನ್. ಮಾತ್ರೆ ಬಿಟ್ಟದ್ದನ್ನು ನಾನು ಹೇಳಿದ್ದೆ; ನಡುವೆ ಕೇಸ್ ಶೀಟ್ ಬರೆಯುತ್ತ, “ಮಾತ್ರೆ ನಿಲ್ಲಿಸು ಅಂದವರು ಯಾರು?” ಎಂದು ಅವಳನ್ನು ಕೇಳಿದರು.

“ಯಾರೂ ಇಲ್ಲ, ನಾನೇ,” ಎಂದಳು. ಪಕ್ಕದಲ್ಲಿದ್ದ ತಮ್ಮನ ಮುಖ ಕೆಂಪೇರಿತು. “ಓದಿದೋಳು ನೀನು, ಒಂದು ಮಾತು ಕೇಳೋಕಾಗ್ಲಿಲ್ವಾ? ಇದನ್ನೂ ಕಳಕೋಬೇಕಾ?” ಎಂದು ಅವಳ ಮೇಲೆ ಹಾರಿದ.

“ಬಾಯಿ ಮುಚ್ಚೋ,” ಎಂದೆ. “ನಿಲ್ಲಿಸು ಅಂದೋಳು ನಾನು. ಸೊಪ್ಪಿನ ವಿಷಯ ಹೇಳದೆ ಇದ್ದೋಳು ನಾನು. ಹೋದ ಸಲ ಇದೇ ಡಾಕ್ಟ್ರು ಇವಳನ್ನ ಕೇಳಿದಾಗ, ದಿನಾ ತಗೋತಾಳೆ ಅಂತ ಉತ್ತರ ಕೊಟ್ಟೋಳೂ ನಾನೇ. ಬೈಯೋದಿದ್ರೆ ನನ್ನ ಬೈ.” ಡಾಕ್ಟರಮ್ಮನ ಕಡೆ ತಿರುಗಿ, “ಬರೆದುಕೊಳ್ಳಿ ಮೇಡಂ, ಮನೆಯವರ ತಪ್ಪು ತಿಳಿವಳಿಕೆಯಿಂದ ಅಂತ,” ಎಂದೆ. ಅವರು ನನ್ನ ಮುಖ ನೋಡಿ ಬರೆದುಕೊಂಡರು. ಆಮೇಲೆ ಹೊರಗೆ ಕರೆದು, ಮಾತ್ರೆ ತಪ್ಪದೆ ತೆಗೆದುಕೊಂಡವರಲ್ಲೂ ಕೆಲವರಿಗೆ ಇದು ಬರುತ್ತದೆ, ತೆಗೆದುಕೊಂಡಿದ್ದರೆ ಇವಳಿಗೆ ಬರುತ್ತಿರಲಿಲ್ಲ ಎಂದು ಯಾರೂ ಆಣೆ ಮಾಡಿ ಹೇಳಲಾಗದು ಎಂದರು. ನನ್ನ ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವನ್ನೇ ಹೇಳಿದ್ದು.

ಮೂರನೇ ದಿನ ಬೆಳಿಗ್ಗೆ ಬಿಪಿ ಮತ್ತೆ ಏರಿದ್ದರಿಂದ ಆಪರೇಷನ್ ಮಾಡಿದರು. ಹೆಣ್ಣು ಮಗು. ಒಂದೂವರೆ ಕೆ.ಜಿ. ನಮ್ಮ ಮನೆಯ ಬೆಕ್ಕು ಅದಕ್ಕಿಂತ ದಪ್ಪಗಿದೆ. ಆದರೆ ಏನು ಕೂಗು ಅಂತೀರಿ! ಬಾಗಿಲಾಚೆಗೆ ಕೇಳಿಸಿತು. ತಮ್ಮ ನನ್ನ ಭುಜಕ್ಕೆ ತಲೆಯಿಟ್ಟು ಗಳಗಳನೆ ಅತ್ತ. “ಅಳೋದು ಅವಳ ಕೆಲಸ, ಅವಳು ಮಾಡ್ತಾ ಇದ್ದಾಳೆ, ನೀನು ಸುಮ್ನಿರು,” ಎಂದು ಬೈದೆ. ನನಗೂ ಅಳು ಬಂದಿತ್ತು.

ಮಗುವನ್ನು ಎಳೆಕೂಸುಗಳ ವಾರ್ಡಿನ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟರು. ಐದನೇ ದಿನಕ್ಕೆ ಭಯವಿಲ್ಲ ಎಂದರು. ಅವಳಿಗೂ ಬಿಪಿ ಇಳಿಯುತ್ತ ಬಂತು. ಆ ಮಧ್ಯಾಹ್ನ ತಮ್ಮ ಊಟಕ್ಕೆ ಹೋಗಿದ್ದ. ಅವಳು ಮಂಚದಲ್ಲಿ ಒರಗಿದ್ದಳು, ನಾನು ಕಾಲ ಬಳಿ ಕೂತು ಕಿತ್ತಳೆ ಸುಲಿಯುತ್ತಿದ್ದೆ. ಕ್ಷಮೆ ಕೇಳಬೇಕು ಎಂದುಕೊಂಡಿದ್ದೆ. ನನಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ, ಹಾಗಾಗಿ ವಿಜ್ಞಾನದಿಂದ ಶುರುಮಾಡಿದೆ. “ನೋಡಮ್ಮ, ಈ ಥ್ರಾಂಬಾಕ್ಸೇನ್ ಒಂದರಿಂದಲೇ ಇದೆಲ್ಲ ಆಗುತ್ತೆ ಅಂತಲ್ಲ. ಮಾಸು ಬೇರೂರೋದ್ರಲ್ಲೇ ಮೊದಲು ಎಡವಟ್ಟಾಗಿರುತ್ತೆ. ಮೊದಲನೇ ಸಲ ನಿಂಗೆ ನೋವು ಬರಿಸೋಕೆ ಔಷಧಿ ಇಟ್ರಲ್ಲ, ಅದೂ ಇದೇ ಕೊಬ್ಬಿನ ಸುದ್ದಿಗಾರರ ವಂಶದ್ದು...”

“ಅಕ್ಕ, ವಸಿ ಸುಮ್ಕಿರಿ.”

ಅವಳ ಬಾಯಿಂದ ಅಂಥ ಮಾತು ಅದೇ ಮೊದಲು.

“ಯಾಕೆ ಹೇಳ್ಲಿಲ್ಲ ಅಂತ ಜೀಪಲ್ಲಿ ಕೇಳಿದ್ರಲ್ಲ,” ಎಂದಳು. “ಹೇಳೋಕೆ ಅಂತ ಬಂದೆ. ನೀವು ಊಟ ಮಾಡ್ತಾ ಲ್ಯಾಬಿನ ಕತೆ ಹೇಳಿ ನಗ್ತಾ ಇದ್ರಿ. ಹೇಳಿದ್ರೆ ಆಸ್ಪತ್ರೆಗೆ ಎಳ್ಕಂಡು ಹೋಗ್ತೀರಿ, ಅಲ್ಲಿ ನನ್ನ ಕೇಳ್ದೆ ಎಲ್ಲಾನೂ ನೀವೇ ಮಾಡಿ ಮುಗಿಸ್ತೀರಿ ಅನ್ನಿಸ್ತು. ಹೋದ ಸಲದಂಗೆ.”

“ಹೋದ ಸಲ ಏನು ಮಾಡಿದೆ?”

“ಮೊದಲನೇದನ್ನ ನಂಗೆ ತೋರಿಸ್ಲಿಲ್ಲ. ನಿನ್ನೆ ಇವರು ಹೇಳಿದ್ರು. ನರ್ಸು ಎತ್ಕಂಡು ನನ್ನ ಹತ್ರ ಬರ್ತಾ ಇದ್ರಂತೆ. ಬ್ಯಾಡ, ನೋಡಿದ್ರೆ ಜಾಸ್ತಿ ನೊಂದ್ಕತಾಳೆ ಅಂತ ಬಾಗಿಲಲ್ಲೇ ನೀವು ತಡೆದ್ರಂತೆ. ಹೌದಾ?”

ಯಾಕೆ ಹಾಗೆ ಮಾಡಿದೆ ಎನ್ನುವುದಕ್ಕೆ ನಾಲಗೆಯ ತುದಿಯಲ್ಲಿ ನಾಲ್ಕು ಕಾರಣಗಳು ತಯಾರಾಗಿದ್ದವು. ನಾಲ್ಕೂ ಒಳ್ಳೆಯ ಕಾರಣಗಳೇ. ಒಂದನ್ನೂ ಹೇಳಲಿಲ್ಲ.

“ಹೌದು,” ಎಂದೆ. “ತಪ್ಪು ಮಾಡಿದೆ.”

“ನೀವು ನೋಡಿದ್ರಾ?”

“ನೋಡಿದೆ.”

“ಹೆಂಗಿತ್ತು?”

ಇಷ್ಟು ದಿನದಲ್ಲಿ ಇದನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ. “ಗಂಡು. ಅದಂತೂ ನಿಂಗೊತ್ತು,” ಎಂದೆ. “ತಲೆ ತುಂಬ ಕೂದಲಿತ್ತು ಕಣಮ್ಮ. ಒದ್ದೆಯಾಗಿ ಹಣೆಗೆ ಅಂಟ್ಕೊಂಡಿತ್ತು. ಮೂಗು ನಿಂದೇ. ಬಲಗೈ ಮುಷ್ಟಿ ಕಟ್ಟಿತ್ತು, ನಾನು ಬಿಡಿಸಿ ನೋಡಿದೆ. ಉದ್ದುದ್ದ ಬೆರಳು.”

“ಆಮೇಲೆ?”

“ಆಮೇಲೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ನಾನೇ ಎತ್ಕೊಂಡಿದ್ದೆ.”

“ಎಷ್ಟೊತ್ತು?”

“ಹತ್ತು ನಿಮಿಷ ಇರಬಹುದು,” ಎಂದೆ.

ಅವಳು ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ಆ ಹತ್ತು ನಿಮಿಷ ಅವಳದಾಗಬೇಕಿತ್ತು. ನಾನು ಬಾಯಿ ಮುಚ್ಚಿಕೊಂಡು ಅವಳ ಕಾಲ ಬಳಿಯೇ ಕೂತಿದ್ದೆ.